ತಾನೇ ಆರಿ ತಾನೇ ಹತ್ತುವ ಕಂಪ್ಯೂಟರ್

ಸೋಮನಹಳ್ಳಿ,
೩ ಜನವರಿ ೨೦೨೫

ನಮ್ಮ ಮನೆಯವರಿಗೆ ಶ್ವೇತ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಪುಣೆಯಲ್ಲಿ ಈ ಸಲ ಚಳಿ ಜಾಸ್ತಿಯಂತೆ. ಹೋಗುವಾಗ ಮಡಿಸಿ ಇಟ್ಟುಕೊಟ್ಟ ಕಂಬಳಿಯನ್ನು ಹೊದೆಯುತ್ತಿದ್ದೀರೋ, ಇಲ್ಲ ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆಯೋ? ಕ್ಯಾಂಟೀನಿನ ಊಟದಿಂದ ಎದೆ ಉರಿಯುತ್ತದೆ ಎಂದಿದ್ದಿರಿ, ಮಾತ್ರೆಯ ಮೇಲೆ ಮಾತ್ರೆ ನುಂಗಬೇಡಿ, ಮಜ್ಜಿಗೆ ಸಿಕ್ಕರೆ ಕುಡಿಯಿರಿ. ಇಲ್ಲಿ ನಾವೆಲ್ಲ ಕ್ಷೇಮ. ಅತ್ತೆಯವರ ಮಂಡಿನೋವು ಚಳಿಗೆ ಸ್ವಲ್ಪ ಹೆಚ್ಚಾಗಿದೆ, ಆದರೂ ಕೂತಲ್ಲಿ ಕೂರುವವರಲ್ಲ. ಅವರೆಕಾಯಿ ಚೆನ್ನಾಗಿ ಬರುತ್ತಿದೆ, ದಿನಾ ಹಿತಕವರೆ ಸಾರು. ಮುದ್ದೆ ಕಟ್ಟುವಾಗಲೆಲ್ಲ ಅತ್ತೆ, "ಮುದ್ದೆ ಇಲ್ದೆ ಅದೆಂಗ್ ಬದ್ಕವ್ನೋ ನನ್ ಮಗ" ಎನ್ನುತ್ತಾರೆ. ಇಂಚರಳ ಮುಂದಿನ ಎರಡು ಹಲ್ಲು ಬಿದ್ದಿವೆ. ನಗುವಾಗ ಥೇಟ್ ನಿಮ್ಮ ಹಾಗೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಫೋನಿರುವಾಗ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀವು ಮೂರು ಆಡುತ್ತೀರಿ, ಬೇಡವೆನಿಸಿದರೆ ಇಟ್ಟುಬಿಡುತ್ತೀರಿ. ಕಾಗದವನ್ನು ಬೇಕಾದರೆ ಓದಿ ಹರಿಯಬಹುದು, ಆದರೆ ನಾನು ಬರೆಯುವಾಗ ನಡುವೆ ಆರಿಸಲಾಗುವುದಿಲ್ಲ. ಕಂಪ್ಯೂಟರಿನ ವಿಷಯ ಮೊದಲಿನಿಂದ ಹೇಳುತ್ತೇನೆ. ಅದರಲ್ಲಿ ಎಷ್ಟೋ ನಿಮಗೆ ಗೊತ್ತಿರುವುದೇ. ಆದರೂ ಈ ಕಡೆ ಕೂತವಳಿಗೆ ಅದು ಹೇಗಿತ್ತು ಎಂಬುದು ಗೊತ್ತಿರಲಾರದು.

ಗೆಜ್ಜಲಗೆರೆಯ ಫ್ಯಾಕ್ಟರಿಯವರು ನಿಮ್ಮನ್ನು ಪುಣೆಗೆ ಕಳಿಸುತ್ತೇವೆ ಎಂದಾಗ, ಹೊರಡುವ ಮೊದಲು ಈ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟವರು ನೀವೇ. "ಮನೇಲೇ ಕೂತು ಮಾಡು, ಎಲ್ಗೂ ಅಲಿಯದು ಬ್ಯಾಡ" ಎಂದಿದ್ದಿರಿ. ನನಗೂ ಅದೇ ಬೇಕಾಗಿತ್ತು. ಮಂಡ್ಯದಲ್ಲಿ ಪ್ರೆಸ್ ಇಟ್ಟಿರುವ ಲಿಂಗಯ್ಯನವರು ಮದುವೆ ಕಾರ್ಡು, ಶಾಲೆಗಳ ಸ್ಮರಣಸಂಚಿಕೆ ಎಲ್ಲ ಕಳಿಸುತ್ತಿದ್ದರು, ನಾನು ಅಕ್ಷರ, ಚಿತ್ರ ಜೋಡಿಸಿ ಪುಟ ಕಟ್ಟಿ ಇಲ್ಲಿಂದಲೇ ನೆಟ್ಟಿನಲ್ಲಿ ಕಳಿಸುತ್ತಿದ್ದೆ. ನೀವು ಹೋಗಿ ಒಂದೆರಡು ತಿಂಗಳು ಎಲ್ಲ ಸರಿಯಿತ್ತು. ಗಣೇಶನ ಹಬ್ಬ ಕಳೆದ ಮೇಲೆ ಶುರುವಾಯಿತು ನೋಡಿ. ಮಳವಳ್ಳಿಯವರ ಒಂದು ಲಗ್ನಪತ್ರಿಕೆ ಮುಗಿಯುತ್ತ ಬಂದಿತ್ತು, ಪರದೆ ಕಪ್ಪಾಯಿತು. ನಾನು ಏನಾಯಿತೆಂದು ನೋಡುವಷ್ಟರಲ್ಲಿ ತಾನೇ ಹತ್ತಿಕೊಂಡಿತು. ಲೈಟು ಉರಿಯುತ್ತಲೇ ಇತ್ತು, ಫ್ಯಾನು ತಿರುಗುತ್ತಲೇ ಇತ್ತು. ಅಲ್ಲಿಂದ ಮುಂದೆ ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಒಂದು ದಿನ ಸುಮ್ಮನಿರುತ್ತಿತ್ತು, ಇನ್ನೊಂದು ದಿನ ಕೂರುವುದಕ್ಕೇ ಬಿಡುತ್ತಿರಲಿಲ್ಲ. ಪರದೆಯ ಮೇಲಿನ ಬಾಣವೂ ಒಮ್ಮೊಮ್ಮೆ ನನ್ನ ಕೈ ಮೀರಿ ಜಾರುತ್ತಿತ್ತು.

ಮಂಡ್ಯದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವ ನಿಮ್ಮ ತಮ್ಮ ಅಪ್ಪು ಬಂದು ನೋಡಿದ. ಬಾಣ ಜಾರುತ್ತದೆ ಎಂದದ್ದಕ್ಕೆ ಹೊಸ ಮೌಸು ತಂದ. ಒಳಗಿನದೆಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಮತ್ತೆ ಅದೇ ಗೋಳು. "ಅತ್ಗೆ, ನೀವು ಏನೇನೋ ಒತ್ಬುಡ್ತೀರಿ, ಅದ್ಕೇ ಇಂಗಾಗದು" ಎಂದ. ಅತ್ತೆ, "ಯಾರ್ದೋ ಕಣ್ ಬಿದ್ದದೆ ಕಣವ್ವ" ಎಂದು ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಮೇಜಿಗೆ ಕಟ್ಟಿದರು. ಲಿಂಗಯ್ಯನವರು ಒಳ್ಳೆಯವರು, ಆದರೂ ಅವರಿಗೂ ಗಿರಾಕಿಗಳಿದ್ದಾರಲ್ಲ. "ಕಂಪ್ಯೂಟ್ರು ತಾನೇ ಆಫಾಯ್ತದೆ ಅಂದ್ರೆ ಗಂಡಿನ್ ಕಡೆಯವರು ಕೇಳ್ತಾರೇನವ್ವ?" ಎಂದು ಒಂದು ದಿನ ಬೇಸರ ಮಾಡಿಕೊಂಡರು. ಕೊಡುವ ಕೆಲಸ ಕಡಿಮೆಯಾಯಿತು. ನಾನೂ ನನ್ನ ಮೇಲೆ ನಾನೇ ಅನುಮಾನ ಪಡತೊಡಗಿದೆ. ಗುಂಡಿ ಒತ್ತುವ ಮೊದಲು ಬೆರಳು ತಡೆಯುತ್ತಿತ್ತು. ನಿಜವಾಗಿಯೂ ನಾನೇ ಏನಾದರೂ ಮಾಡುತ್ತಿದ್ದೇನೆಯೇ ಎಂದು.

ನವೆಂಬರಿನಲ್ಲಿ ಮೈಸೂರಿನವರ ಸಂದರ್ಶನ ಬಂತು. ಪಠ್ಯಪುಸ್ತಕ ಮಾಡುವವರು, ಕಾಯಂ ಕೆಲಸ. ವೀಡಿಯೋದಲ್ಲಿ ಮಾತಾಡುತ್ತ, ಅವರು ಕೊಟ್ಟ ಪುಟವನ್ನು ಅವರ ಕಣ್ಣೆದುರೇ ಕಟ್ಟಿ ತೋರಿಸಬೇಕಿತ್ತು, ಹಾಗಾಗಿ ಫೋನಿನಲ್ಲಿ ಆಗುವಂತಿರಲಿಲ್ಲ. ಒಬ್ಬ ಹೆಂಗಸು, ಒಬ್ಬ ಗಂಡಸು ಇದ್ದರು. ಮಾತು ಚೆನ್ನಾಗಿಯೇ ನಡೆದಿತ್ತು. ನಡುವೆ ಕಂಪ್ಯೂಟರ್ ಆರಿತು. ಕ್ಷಮೆ ಕೇಳಿ ಮತ್ತೆ ಸೇರಿಕೊಂಡೆ. ಪುಟ ಅರ್ಧ ಕಟ್ಟಿದ್ದೆ, ಮತ್ತೆ ಆರಿತು. ಮೂರನೆಯ ಸಲ ಸೇರಿದಾಗ ಆ ಹೆಂಗಸು, "ಇಷ್ಟು ಸಣ್ಣ ವಿಷಯ ಸರಿ ಮಾಡಿಕೊಳ್ಳೋಕೆ ಆಗದಿದ್ದರೆ ಹೇಗಮ್ಮ?" ಎಂದು ಮೆತ್ತಗೇ ಕೇಳಿದರು. ಗದರಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸಂಜೆ ನಿಮಗೆ ಫೋನು ಮಾಡಿ ಅತ್ತುಬಿಟ್ಟೆ. ನೀವು ಸಮಾಧಾನ ಹೇಳಿದಿರಿ. "ಓಗ್ಲಿ ಬುಡು ಶ್ವೇತ, ನಮಗ್ಯಾಕೆ ಅವೆಲ್ಲ, ನಾನಿಲ್ವಾ?" ಎಂದಿರಿ. ಎಂಥ ತಣ್ಣನೆಯ ದನಿ ಅದು! ಮದುವೆಯಾದ ಮೇಲೆ ನೀವು ಅಷ್ಟು ಪ್ರೀತಿಯಿಂದ ಮಾತಾಡಿದ್ದು ನನಗೆ ನೆನಪಿಲ್ಲ. ಕೆಲಸ ಹೋದರೂ ಹೋಗಲಿ, ಗಂಡ ನನ್ನ ಕಡೆ ಇದ್ದಾನೆ ಅಂದುಕೊಂಡು ಕಣ್ಣೊರೆಸಿಕೊಂಡೆ.

ಆಮೇಲೆ ನನಗೆ ಹಟ ಹಿಡಿಯಿತು. ಆ ಹೆಂಗಸು ಹೇಳಿದಂತೆ ಇದನ್ನು ನಾನೇ ಸರಿ ಮಾಡುತ್ತೇನೆ ಎಂದು ಕೂತೆ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತೆ. ಪೆಟ್ಟಿಗೆ ಬಿಚ್ಚಿ, ಬಣ್ಣ ಬಳಿಯುವ ಬ್ರಷ್ಷಿನಿಂದ ಧೂಳು ತೆಗೆದೆ. ಮೆಮೊರಿ ಪಟ್ಟಿಯನ್ನು ಕಿತ್ತು, ಇಂಚರಳ ರಬ್ಬರಿನಿಂದ ಅದರ ಹಲ್ಲು ಉಜ್ಜಿ ಕೂರಿಸಿದೆ. ಬಿಸಿ ಆಗುತ್ತದೇನೋ ಎಂದು ಟೇಬಲ್ ಫ್ಯಾನ್ ಅದರ ಕಡೆಗೇ ತಿರುಗಿಸಿದೆ. ಯು.ಪಿ.ಎಸ್. ಬಿಟ್ಟು ನೇರ ಗೋಡೆಗೆ ಹಾಕಿ ನೋಡಿದೆ. ವೈರಿಂಗ್ ಮಾಡುವ ಮರಿಯಯ್ಯನವರನ್ನು ಕರೆಸಿ ಅರ್ಥಿಂಗ್ ನೋಡಿಸಿದೆ. ಲಿಂಗಯ್ಯನವರ ಪ್ರೆಸ್ಸಿನಿಂದ ಕರೆಂಟು ಕೊಡುವ ಡಬ್ಬಿಯನ್ನೇ ಎರವಲು ತಂದು ಹಾಕಿದೆ. ಒಂದರಲ್ಲೂ ದೋಷ ಸಿಗಲಿಲ್ಲ. ಆರುವುದೂ ನಿಲ್ಲಲಿಲ್ಲ.

ಡಿಸೆಂಬರಿನಲ್ಲಿ ಹೈವೇ ಪಕ್ಕ ಗುಂಡಿ ತೋಡುವವರು ನೆಟ್ಟಿನ ಕೇಬಲ್ ಕಡಿದುಹಾಕಿದರು. ಒಂದು ವಾರ ನಮ್ಮ ಬೀದಿಗೇ ನೆಟ್ ಇರಲಿಲ್ಲ. ಆ ವಾರವೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸ ಮಾಡಿದೆ, ಕಂಪ್ಯೂಟರ್ ಒಂದು ಸಲವೂ ಆರಲಿಲ್ಲ. ನೆಟ್ ಬಂದ ದಿನವೇ ಆರಿತು. ನೆಟ್ಟಿನ ವೈರು ಕಿತ್ತು ನೋಡಿದೆ, ಸರಿಯಿತ್ತು. ಸಿಕ್ಕಿಸಿದೆ, ಆರಿತು. ಮಾರನೆಯ ದಿನ ವೈರು ಸಿಕ್ಕಿಸಿ, ಕಂಪ್ಯೂಟರಿನ ಎದುರು ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತೆ. ಮೌಸು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಣ ಅಲುಗಿತು. ನನ್ನ ಎರಡೂ ಕೈಯಲ್ಲಿ ಅವರೆಸಿಪ್ಪೆ. ಬಾಣ ತಾನೇ ನಡೆದು ಹೋಗಿ ನನ್ನ ಮೇಲ್ ತೆರೆಯಿತು. ಸಂದರ್ಶನದ ಬಗ್ಗೆ ಮೈಸೂರಿನವರು ಬರೆದಿದ್ದನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿತು. ಮುಚ್ಚಿತು. ಆಮೇಲೆ ಮೂಲೆಗೆ ಹೋಗಿ ಕಂಪ್ಯೂಟರನ್ನು ಆರಿಸಿ ಹತ್ತಿಸಿತು. ಯಾರೋ ಮನೆಯೊಳಕ್ಕೆ ಬಂದು, ನನ್ನೆದುರೇ ನನ್ನ ಬೀರುವಿನ ಸೀರೆ ಎಲ್ಲ ಕೆದಕಿ, ಬಾಗಿಲು ಹಾಕಿಕೊಂಡು ಹೋದ ಹಾಗಾಯಿತು. ಕಣ್ಣು ಬಿದ್ದಿದೆ ಎಂದು ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ ನೋಡಿ.

ಕಳೆದ ಭಾನುವಾರ ಅಪ್ಪುವನ್ನು ಕರೆಸಿ ಕೇಳಿದೆ. ಮೊದಲು ವೈರಸ್ಸು ಎಂದ. "ವೈರಸ್ಸು ಕನ್ನಡ ಓದ್ತದೇನಪ್ಪ?" ಎಂದೆ. ತಲೆ ತಗ್ಗಿಸಿದ. "ಅಣ್ಣ ಏಳ್ದ ಅತ್ಗೆ. ಅಲ್ಲಿ ಒಬ್ನೇ ಬೇಜಾರಾಯ್ತದೆ, ಮನೆ ಕಂಪ್ಯೂಟ್ರು ಇಲ್ಲಿಂದ್ಲೇ ಕಾಣಂಗೆ ಮಾಡ್ಕೊಡು ಕಣ್ಲಾ ಅಂದ. ಮಾಡ್ಕೊಟ್ಟೆ. ಅವ್ನು ಆಫ್ ಮಾಡ್ತಾನೆ ಅಂತ ನಂಗೇನ್ ಗೊತ್ತಿತ್ತು?" ಗೊತ್ತಾದ ಮೇಲಾದರೂ ಹೇಳಬಹುದಿತ್ತು. ಅಳಿಸಿ ಹೊಸದಾಗಿ ಹಾಕಿದಾಗಲೂ ಅದನ್ನು ಮರೆಯದೆ ಹಾಕಿದ್ದನಂತೆ, ನೀವು ಹೇಳಿದಿರಿ ಎಂದು. "ಗಂಡಸ್ರ ಜೊತೆ ವೀಡಿಯೋದಲ್ ಮಾತಾಡ್ತಾಳೆ, ದುಡಿಮೆ ಜಾಸ್ತಿಯಾದ್ರೆ ನಮ್ ಮಾತ್ ಕೇಳ್ತಾಳಾ" ಎಂದಿರಂತೆ. ಅಪ್ಪು ಹೇಳಿದ್ದನ್ನೇ ಬರೆದಿದ್ದೇನೆ, ನಾನು ಒಂದಕ್ಷರ ಸೇರಿಸಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡರು. ಮಗನನ್ನು ಬಿಟ್ಟುಕೊಡುವುದಿಲ್ಲ, ಈಗ ನನ್ನ ಮೇಲೆಯೇ ತಿರುಗಿ ಬೀಳುತ್ತಾರೆ ಅಂದುಕೊಂಡೆ. ಅವರು ಬಂದು ನನ್ನ ಪಕ್ಕ ಕೂತರು. "ನಿಮ್ಮಾವನೂ ಇಂಗೇಯ ಕಣವ್ವ" ಎಂದರು. ಅವರಿಗೆ ತವರಿನವರು ಕೊಟ್ಟ ಹೊಲಿಗೆ ಮಿಷಿನ್ ಇತ್ತಂತೆ, ಬೀದಿಯ ಹೆಂಗಸರೆಲ್ಲ ರವಿಕೆ ಹೊಲಿಸಲು ಬರುತ್ತಿದ್ದರಂತೆ. ಅದರ ಬೆಲ್ಟು ಪದೇ ಪದೇ ತುಂಡಾಗುತ್ತಿತ್ತು. ಇಲಿ ಕಡಿಯುತ್ತಿದೆ ಎಂದು ಮಾವ ಹೇಳುತ್ತಿದ್ದರಂತೆ. "ಇಲಿ ಕಡುದ್ರೆ ಕತ್ತರಿ ಹಾಕ್ದಂಗೆ ನ್ಯಾರಕ್ಕೆ ಕಡೀತದಾ? ನಂಗೆ ಆವತ್ತೇ ಗೊತ್ತಾಗಿತ್ತು. ಸುಮ್ಕಿದ್ದೆ. ಮಿಷಿನ್ನು ಅಟ್ಟದ ಮ್ಯಾಲೇ ತುಕ್ಕಿಡಿದೋಯ್ತು" ಎಂದರು. ಅಳಲಿಲ್ಲ. ಎದ್ದುಹೋಗಿ ಅಪ್ಪುವಿಗೆ ಊಟಕ್ಕಿಟ್ಟರು, ಅವನು ಉಣ್ಣುವುದನ್ನು ನಿಂತು ನೋಡದೆ ಹಿತ್ತಲಿಗೆ ಹೋದರು.

ಅಪ್ಪು ನಿಮಗೆ ಹೇಳಿರುತ್ತಾನೆ. ಅದಕ್ಕೇ ಇರಬೇಕು, ಭಾನುವಾರದಿಂದ ನಿಮ್ಮ ಫೋನು ಇಲ್ಲ. ನಾನೂ ಮಾಡಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬೈಯಬಹುದಿತ್ತು. ಕೆಲಸ ಬೇಡವೆಂದು ಬಾಯಿಬಿಟ್ಟು ಹೇಳಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ನನ್ನ ಕೈಯನ್ನು ನಾನೇ ನಂಬದ ಹಾಗೆ ಮಾಡಿ, ಆಮೇಲೆ ಸಮಾಧಾನ ಹೇಳಿದಿರಲ್ಲ, ಅದನ್ನು ಹೇಗೆ ಮರೆಯಲಿ ಹೇಳಿ. ನೀವು ಕಂಪ್ಯೂಟರಿಗೆ ಹಾಕಿಸಿದ್ದನ್ನೆಲ್ಲ ಅಪ್ಪುವಿನ ಕೈಯಲ್ಲೇ ಅಳಿಸಿಸಿದ್ದೇನೆ. ಸೋಮವಾರದಿಂದ ಮಂಡ್ಯಕ್ಕೆ ಹೋಗಿ ಲಿಂಗಯ್ಯನವರ ಪ್ರೆಸ್ಸಿನಲ್ಲೇ ಕೂತು ಕೆಲಸ ಮಾಡುತ್ತೇನೆ. ಅವರಿಗೆ ಯಾವ ವಿಷಯವನ್ನೂ ಹೇಳಿಲ್ಲ, ಕಂಪ್ಯೂಟರ್ ಕೆಟ್ಟಿತ್ತು ಎಂದಷ್ಟೇ ಹೇಳಿದ್ದೇನೆ. "ಓಗ್ಬಾ, ಮಗೀನ ನಾ ನೋಡ್ಕತೀನಿ" ಎಂದಿದ್ದಾರೆ ಅತ್ತೆ. ಸಂಕ್ರಾಂತಿಗೆ ಬರುವುದಾದರೆ ನಿಮ್ಮ ತಾಯಿಯನ್ನೂ ಮಗಳನ್ನೂ ನೋಡಲು ಬನ್ನಿ. ನನ್ನೊಂದಿಗೆ ಮಾತಾಡಲು ಈ ಸಲ ಬರಬೇಡಿ, ನನ್ನಲ್ಲಿ ಇನ್ನೂ ಮಾತಿಲ್ಲ.

ಇಂಚರ ನಿಮಗೆ ಎಳ್ಳುಬೆಲ್ಲ ಎತ್ತಿಡುತ್ತೇನೆ ಎಂದಿದ್ದಾಳೆ. ಅತ್ತೆಯವರ ಆಶೀರ್ವಾದ ಬರೆಯಲೇ ಎಂದು ಕೇಳಿದೆ, "ಬರ್ಕೊ" ಎಂದರು. ಬರೆದಿದ್ದೇನೆ. ಮೈ ಹುಷಾರು.

ಇಂತಿ,
ಶ್ವೇತ

ಮರೆತಿದ್ದೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ದೂರದಿಂದ ನೋಡುವವರಿಗೆ ಪರದೆ ಕಾಣುತ್ತದೆ, ಮಾತು ಕೇಳುವುದಿಲ್ಲ ಎಂದು ಅಪ್ಪು ಹೇಳಿದ. ಹಾಗಾದರೆ ಆ ದಿನ ಮೈಸೂರಿನವರಿಗೆ ನಾನು ಹೇಳಿದ್ದು ನಿಮಗೆ ಕೇಳಿಸಿರುವುದಿಲ್ಲ. ಅದು ಯಾವ ಊರಿನಲ್ಲಿ ಕೂತಾದರೂ ಮಾಡಬಹುದಾದ ಕೆಲಸ. ನಿಮಗೆ ಇದೇ ಯಾಕೆ ಬೇಕು ಎಂದು ಅವರು ಕೇಳಿದರು. "ನಮ್ಮ ಮನೆಯವರು ಪುಣೆಯಲ್ಲಿ ಒಬ್ಬರೇ ಇದ್ದಾರೆ. ಈ ಕೆಲಸ ಸಿಕ್ಕರೆ ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಅಲ್ಲಿಗೇ" ಎನ್ನುತ್ತಿದ್ದೆ. ಆ ದಿನ ಮೊದಲ ಸಲ ಆರಿದ್ದು ಆಗಲೇ.