ಅಂಗಿಯ ಗುಂಡಿ ಸಿಕ್ಕ ವರ್ತಮಾನ

ಭಾವ,

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಆರು ವರ್ಷಗಳಿಂದ ತಲೆಮರೆಸಿಕೊಂಡಿದ್ದ ನನ್ನ ನೀಲಿ ಅಂಗಿಯ ಮೂರನೆಯ ಗುಂಡಿ ಇಂದು ಬೆಳಿಗ್ಗೆ ಪತ್ತೆಯಾಗಿದೆ. ಸಿಕ್ಕ ಜಾಗ ಮಾತ್ರ ಊರಿಗೆಲ್ಲ ಸಾರುವಂಥದ್ದಲ್ಲ. ನಿಮಗೆ ಬರೆಯುತ್ತಿದ್ದೇನೆ, ಅಂಚೆಗೆ ಹಾಕುವಷ್ಟು ಮುಖ ನನಗಿಲ್ಲವಾದ್ದರಿಂದ ನಿರಾತಂಕವಾಗಿ ಬರೆಯುತ್ತಿದ್ದೇನೆ.

ಸಂಗೀತದ ಮೇಷ್ಟ್ರು, ಆರು ವರ್ಷದ ಹಿಂದೆ ನಾವಿಬ್ಬರೂ ರಿಪೇರಿ ಮಾಡಿಕೊಟ್ಟ ಆ ಉಕ್ಕಿನ ಗಿಟಾರನ್ನು ಮತ್ತೆ ತಂದಿದ್ದರು. ಅದೇ ಗಿರಗಿರ ಸದ್ದು. ಅಂದು ರಿಪೇರಿಯ ಮೇಲೆ ಈ ಸದ್ದು ಶುರುವಾಯಿತೆಂದು ಅವರು ದೂರು ತಂದಾಗ ನಾನು ಬಿಚ್ಚಿಯೂ ನೋಡದೆ, ಅವರೆದುರೇ, "ಭಾವನ ಕೈ ಈಗೀಗ ನಡುಗುತ್ತೆ ಸಾರ್, ತಟ್ಟೆ ಸರಿಯಾಗಿ ಬಂದಿಲ್ಲ" ಅಂದಿದ್ದೆ. ನೀವು ಆ ತಟ್ಟೆ ಮಾಡಿದ ಲೇತ್ ಒರೆಸಿಟ್ಟು, ಅಕ್ಕನನ್ನು ಕರೆದುಕೊಂಡು ಊರು ಬಿಟ್ಟಿರಿ.

ಇವತ್ತು ಮುಚ್ಚಳ ಬಿಚ್ಚಿ, ನಾದ ಹುಟ್ಟಿಸುವ ಆ ತೆಳು ಅಲ್ಯೂಮಿನಿಯಂ ತಟ್ಟೆಯನ್ನು ಎತ್ತಿದೆ. ಕೆಳಗೆ ಗುಂಡಿ ನೀಲಿ ದಾರದ ಸಮೇತ ಆರಾಮಾಗಿ ಕೂತಿತ್ತು. ಅಂದು ನಿಮ್ಮ ತಟ್ಟೆ ಕೂರಿಸಿ ಗಿಟಾರನ್ನು ಮುಚ್ಚಿದವನು ನಾನೇ. ನನ್ನ ಹೊಟ್ಟೆಯ ಒತ್ತಡ ತಾಳದೆ ಅದು ಅಲ್ಲಿ ಆಶ್ರಯ ಪಡೆದಿರಬೇಕು.

"ಏನಿತ್ತು ಒಳಗೆ?" ಮೇಷ್ಟ್ರು ಕೇಳಿದರು.

ಗುಂಡಿ ನನ್ನ ಮುಷ್ಟಿಯಲ್ಲಿತ್ತು. "ಏನಿಲ್ಲ ಸಾರ್, ಅದೇ ತಟ್ಟೆ ದೋಷ" ಅಂದೆ.

"ಪಾಪ, ಅವರಿಗೂ ವಯಸ್ಸಾಗಿತ್ತಲ್ಲ. ಹೊಸದು ಹಾಕಿಬಿಡಿ."

ನಾನು ತಲೆಯಾಡಿಸಿದೆ. ಹೌದೆಂದು ತಲೆಯಾಡಿಸುವುದರಲ್ಲಿ ನನ್ನ ಕಸುಬು ಎಂದೂ ಕೆಟ್ಟಿಲ್ಲ.

ಹೊಸದು ಹಾಕಲು ಕೈ ಬರುತ್ತಿಲ್ಲ ಭಾವ. ಬೆರಳಲ್ಲಿ ತಟ್ಟಿದರೆ ನಿಮ್ಮ ತಟ್ಟೆ ಈಗಲೂ ತುಂಬು ದನಿಯಲ್ಲಿ ಓಗೊಡುತ್ತದೆ. ಅದನ್ನೇ ಮತ್ತೆ ಕೂರಿಸುತ್ತಿದ್ದೇನೆ. ತಟ್ಟೆಯ ನಡುವಿನ ಸ್ಕ್ರೂ ಎಷ್ಟು ಸುತ್ತು ಬಿಗಿಸಬೇಕೆಂದು ದಯವಿಟ್ಟು ತಿಳಿಸಿ. ನಿಮಗೆ ಮನಸ್ಸಿಲ್ಲದಿದ್ದರೆ ಅಕ್ಕನ ಕೈಲಾದರೂ ಒಂದು ಫೋನ್ ಮಾಡಿಸಿ.