ಸೆರಗಿನ ಗೆರೆ

ದೊಡ್ಡಬಳ್ಳಾಪುರ
ಭಾನುವಾರ

ಚಂದ್ರಿ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ನೀನು ಚೆನ್ನಾಗಿರೋದನ್ನ ಪೇಪರಲ್ಲಿ ನೋಡಿದೆ. ಅಷ್ಟು ದೊಡ್ಡ ಔಷಧಿ ಕಂಪನಿಗೆ ಎಂ.ಡಿ. ಆಗಿದ್ದೀಯ, ಸಂತೋಷ. ಬೀದಿಯವರು ಈಗ ನನ್ನನ್ನ ‘ಚಂದ್ರಕಲನ ಅಕ್ಕ’ ಅಂತಲೇ ಕರೀತಾರೆ. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ನಿನಗೆ ಕೆಮಿಸ್ಟ್ರಿ ಹೇಳಿಕೊಟ್ಟವಳು ನಾನು ಅಂತ ಯಾರಿಗೂ ಗೊತ್ತಿಲ್ಲ. ನನ್ನ ಬಿ.ಪಿ. ಮಾತ್ರೆಯೂ ನಿಮ್ಮ ಕಂಪನೀದೇ. ಬೇರೆಯವರದು ಕೊಡಪ್ಪ ಅಂತ ಅಂಗಡಿಯವನ ಹತ್ರ ಪ್ರತಿ ಸಲ ಜಗಳ ಆಡ್ತೀನಿ.

ಬರೆದಿದ್ದು ಬೇರೆ ವಿಷಯಕ್ಕೆ. ಪೇಪರಿನ ಫೋಟೋದಲ್ಲಿ ಉಟ್ಟಿದ್ದೀಯಲ್ಲ, ನಾನು ನೇಯ್ದು ಕಳಿಸಿದ ಹಸಿರು ಸೀರೆ, ಅದನ್ನ ವಾಪಸ್ ಕಳಿಸು. ಬೇರೆ ನೇಯ್ದು ಕೊಡ್ತೀನಿ. ಅದರ ಸೆರಗಿನಲ್ಲಿ ಒಂದು ಎಳೆ ಕಡಿದು ಉದ್ದಕ್ಕೂ ಗೆರೆ ಬಿದ್ದಿದೆ. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ನಾನು ನೋಡಿದೆ, ನಿಲ್ಲಿಸಲಿಲ್ಲ.

ನೀನೂ ನೇಕಾರರ ಮನೇಲಿ ಹುಟ್ಟಿದವಳು, ಕಾಣಲಿಲ್ಲ ಅನ್ನಬೇಡ. ಯಾವಾಗಲೂ ಸೆರಗು ಇಳಿಬಿಟ್ಟು ಉಡೋಳು, ಆ ಗೆರೆ ಒಳಗೆ ಹೋಗೋ ಹಾಗೆ ಮಡಿಚಿ ಪಿನ್ ಹಾಕಿಕೊಂಡು ನಿಂತಿದ್ದೀಯ. ನೀನು ಎಂ.ಡಿ. ಆಗಿದ್ದನ್ನಾದರೂ ಸಹಿಸಿಕೊಂಡೆ ಕಣೇ, ಇದನ್ನ ಸಹಿಸೋಕಾಗ್ತಿಲ್ಲ.

ಬೇಗ ಕಳಿಸು.

ಚಂದ್ರಕಲನ ಅಕ್ಕ,
ಪುಷ್ಪಲತ