ಅಪ್ಪ ಒಪ್ಪದ ಪಾತ್ರ

ಅಳದಂಗಡಿ
18 ಸೆಪ್ಟೆಂಬರ್ 2025

ಸಾತ್ವಿಕಾಳ ಅಪ್ಪನಿಗೆ,

ನೀವು ಕ್ಷೇಮವಾಗಿಯೇ ಇರುತ್ತೀರಿ. ಪ್ರಿನ್ಸಿಪಾಲರ ಕುರ್ಚಿಗೆ ಏನೂ ಆಗಿಲ್ಲವಲ್ಲ, ಅದರಲ್ಲಿ ಕೂತವರಿಗೆ ಏನಾದೀತು? ನನ್ನ ಬಲಗೈಯ ಸುಟ್ಟ ಗಾಯ ಪೆನ್ನು ಹಿಡಿಯುವಷ್ಟು ಒಣಗಿದೆ. ನಿನ್ನೆ ಸಂಜೆ ಫೋನ್ ನನ್ನ ಕೈಗೆ ಮರಳಿ ಬಂತೆಂದು ಗೊತ್ತಾದಾಗಿನಿಂದ ನೀವು ಕರೆ ಮಾಡುತ್ತಲೇ ಇದ್ದೀರಿ. ನಾನು ಎತ್ತುವುದಿಲ್ಲ. ಫೋನಿನಲ್ಲಿ ನನ್ನ ಮಾತನ್ನು ಅರ್ಧಕ್ಕೇ ಕಡಿದು ನಿಮ್ಮದನ್ನು ಶುರು ಮಾಡುವುದು ನಿಮಗೆ ಮದುವೆಯಾದಂದಿನಿಂದ ಇರುವ ಅಭ್ಯಾಸ. ಕಾಗದದಲ್ಲಿ ಆ ಅನುಕೂಲ ಇಲ್ಲ, ಓದಿ.

ನನ್ನ ವಿದ್ಯಾರ್ಥಿ ಹಾರಿಸ್ ಮಂಗಳೂರಿನ ಜೈಲಿನಲ್ಲಿದ್ದಾನೆ. ಎಐ ಕಂಪನಿಯ ಮ್ಯಾನೇಜರ್ ಶೋಧನ್‌ನ ತಲೆಗೆ ಅವನು ಕಾಲುದೀಪದಿಂದ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ನೀವು ಪೊಲೀಸರಿಗೆ ದೂರು ಕೊಟ್ಟಿದ್ದೀರಂತೆ. ನಿನ್ನೆ ಅವನ ತಾಯಿ ಮೈಮೂನಮ್ಮ ಮಾಣಿ ಪೇಟೆಯಿಂದ ಬಂದು ಹೇಳುವ ತನಕ ನನಗೆ ಗೊತ್ತಿರಲಿಲ್ಲ. ಗಲಾಟೆಯ ದಿನವೇ ನನ್ನನ್ನು ಕಾರಿನಲ್ಲಿ ಹಾಕಿ ತವರಿಗೆ ತಂದು ಬಿಟ್ಟಿರಿ. ಜ್ವರ ಇಳಿಯುವ ತನಕ ಪೇಪರ್, ಫೋನ್ ಯಾವುದನ್ನೂ ಕೊಡಬೇಡಿ ಎಂದು ನನ್ನ ತಮ್ಮನಿಗೆ ಹೇಳಿ ಹೋದಿರಿ. ಎಂಥ ಕಾಳಜಿಯ ಗಂಡ ಎಂದು ಅತ್ತ ಕಡೆಯಿಂದ ತಮ್ಮನ ಹೆಂಡತಿ ಹೊಗಳುತ್ತಿದ್ದಳು, ಇತ್ತ ನಾನು ಚಾದರದೊಳಗೆ ತಲೆಯಾಡಿಸುತ್ತಿದ್ದೆ. ಮೂರ್ಖಳು.

ಶೋಧನ್‌ಗೆ ಪೆಟ್ಟು ಬಿದ್ದ ಹೊತ್ತಿಗೆ ಹಾರಿಸನ ಬಲಗೈ ಮುರಿದು ಜೋತಾಡುತ್ತಿತ್ತು. ಆ ಹಿತ್ತಾಳೆಯ ದೀಪವನ್ನು ವೇದಿಕೆಗೆ ತರಲು ಇಬ್ಬರು ಜವಾನರು ಬೇಕಾಗಿದ್ದರು. ಒಂಟಿ ಕೈಯ ಹುಡುಗ ಅದನ್ನು ಎತ್ತಿದ ಎಂದು ಬರೆಯುವಾಗ ನಿಮಗೆ ಒಮ್ಮೆಯಾದರೂ ನಾಚಿಕೆಯಾಗಲಿಲ್ಲವೇ?

ಜೂನ್‌ನಲ್ಲಿ ಆ ಕಂಪನಿ ಕಾಲೇಜಿಗೆ ಬಂದಾಗಲೇ ನಾನು ಬೇಡ ಎಂದಿದ್ದೆ. ನೋಟ್ಸ್ ಬರೆಯುವುದು ಯಂತ್ರ, ಉತ್ತರಪತ್ರಿಕೆ ತಿದ್ದುವುದು ಯಂತ್ರ, ವೈವಾ ಮಾಡುವುದೂ ಯಂತ್ರ. ಅತಿಥಿ ಉಪನ್ಯಾಸಕಿ ಕಾಂತಿಗೆ ನಾಳೆಯಿಂದ ಬರುವುದು ಬೇಡ ಎಂದು ವಾಟ್ಸಾಪಿನಲ್ಲಿ ತಿಳಿಸಿದಿರಿ. ಕಾಲಕ್ಕೆ ತಕ್ಕ ಕೋಲ, ತಾಳಕ್ಕೆ ತಕ್ಕ ಮೇಳ ಎಂದು ಸ್ಟಾಫ್ ಮೀಟಿಂಗಿನಲ್ಲಿ ಗಾದೆ ಬೇರೆ ಹೇಳಿದಿರಿ. ಕೋಲ ಕಟ್ಟುವವರನ್ನೇ ಓಡಿಸಿದ ಮೇಲೆ ಕುಣಿಯುವವರು ಯಾರು ಎಂದು ನಾನು ಕೇಳಿದ್ದಕ್ಕೆ ಎಲ್ಲರೂ ನಕ್ಕರು, ನೀವು ಚಹಾ ತರಿಸಿದಿರಿ.

ನನ್ನ ವೈವಾದ ಕ್ರಮವನ್ನು ನೀವು ಯಾವಾಗಲೂ ಗೇಲಿ ಮಾಡಿದವರು. ನನ್ನ ಅಪ್ಪನ ತಾಳಮದ್ದಳೆಯನ್ನೇ ನಾನು ಕ್ಲಾಸಿಗೆ ತಂದಿದ್ದೆ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತು ಮಾತ್ರ. ಕೈಯಲ್ಲಿ ಕಾಗದ ಇರಕೂಡದು. ಎದುರಿನವರು ಈಗ ಏನು ಹೇಳಿದರೋ ಅದಕ್ಕೇ ಉತ್ತರ ಕೊಡಬೇಕು. ಬಾಯಿಪಾಠ ಮಾಡಿ ಬಂದವರು ಎರಡನೇ ಪ್ರಶ್ನೆಗೇ ಬೆವರುತ್ತಿದ್ದರು. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವ ಹಾರಿಸ್ ಮೊದಲ ವರ್ಷ ಕನ್ನಡದಲ್ಲಿ ನಾಲ್ಕು ಮಾತು ಜೋಡಿಸಲು ಒದ್ದಾಡಿದವನು, ಮೂರನೇ ವರ್ಷಕ್ಕೆ ನನ್ನನ್ನೇ ಕಟ್ಟಿಹಾಕುವಷ್ಟು ಬೆಳೆದಿದ್ದ.

ಯಂತ್ರದ ವೈವಾದಲ್ಲಿ ಅವನ ಸಹಪಾಠಿ ನಿಖಿತಾ ಉತ್ತರಿಸುವ ಮೊದಲು ಸ್ವಲ್ಪ ಹೊತ್ತು ಯೋಚಿಸಿದಳು. ಆತ್ಮವಿಶ್ವಾಸದ ಕೊರತೆ ಎಂದು ಅದು ಅಂಕ ಕಡಿಯಿತು. ಯೋಚಿಸಿದ್ದಕ್ಕೆ ಶಿಕ್ಷೆ! ಮರುದಿನದಿಂದ ಹಾರಿಸ್ ಮತ್ತು ಅವನ ತರಗತಿಯವರು ಒಬ್ಬೊಬ್ಬರಾಗಿ ಹೋಗಿ, ಕ್ಯಾಮೆರಾದ ಎದುರು ಬಾಯಿ ಮುಚ್ಚಿ ಕೂತು, ಎದ್ದು ಬಂದರು. ಇಡೀ ತರಗತಿಗೆ ಸೊನ್ನೆ ಬಿತ್ತು. ಆಗ ಶೋಧನ್ ಈ ಪಂಥದ ಉಪಾಯ ಹೂಡಿದ. ಯಂತ್ರಕ್ಕೂ ಹಾರಿಸನಿಗೂ ಸಭಾಂಗಣದಲ್ಲಿ ತಾಳಮದ್ದಳೆ. ಯಂತ್ರ ಸೋತರೆ ವೈವಾ ಅಧ್ಯಾಪಕರಿಗೆ ವಾಪಸು, ಹಾರಿಸ್ ಸೋತರೆ ಮುಷ್ಕರ ಬಂದ್. ನಿನ್ನ ಹುಡುಗನೇ ಗೆಲ್ಲಲಿ ಮಾರಾಯ್ತಿ ಎಂದು ನೀವು ನಕ್ಕು ನನ್ನನ್ನು ಒಪ್ಪಿಸಿದಿರಿ.

ಪ್ರಸಂಗ ಆರಿಸಿದ್ದು ಯಾರು ಎಂದು ಆಗ ನಾನು ಕೇಳಲಿಲ್ಲ. ಮರೆಯಲ್ಲಿ ನಿಂತವನ ಬಾಣ ತಿಂದು ಬಿದ್ದ ವೀರ, ಪ್ರಾಣ ಹೋಗುವ ಮೊದಲು ಹೊಡೆದವನನ್ನು ಎದುರಿಗೆ ಕರೆದು ನ್ಯಾಯ ಕೇಳುವ ಪ್ರಸಂಗ. ನನ್ನ ಅಪ್ಪ ಚಿನ್ನಯ್ಯನವರಿಗೆ ಹೆಸರು ತಂದದ್ದು ಅದೇ. ಯಾವಾಗಲೂ ಬಿದ್ದವನ ಪಾತ್ರ. ಒಮ್ಮೆ ಬಂಟ್ವಾಳದಲ್ಲಿ ಎದುರಿನ ಪಾತ್ರದ ಮಾತು ಹೇಳುವ ಅರ್ಥಧಾರಿ ಬಾರದೆ ಹೋದಾಗ, ಇವತ್ತೊಂದು ದಿನ ಮರೆಯವನ ಅರ್ಥ ನೀವು ಹೇಳಿ ಎಂದು ಸಂಘಟಕರು ಕಾಲು ಹಿಡಿದರಂತೆ. ಅಪ್ಪ ಶಾಲು ಅಲ್ಲಿಯೇ ಇಟ್ಟು, ಸಿಕ್ಕಿದ ಲಾರಿ ಹತ್ತಿ ಮನೆಗೆ ಬಂದರು. 'ಅಡಗಿ ಹೊಡೆದವನ ಪರ ನನ್ನ ನಾಲಗೆ ತಿರುಗುದಿಲ್ಲ ಮಗಾ' ಎಂದರು. ಈ ಕಥೆಯನ್ನು ನಮ್ಮ ಮದುವೆಯಾದ ಹೊಸತರಲ್ಲಿ ನಾನೇ ನಿಮಗೆ ಹೇಳಿದ್ದೆ.

ಯಂತ್ರದ ಮಾತಾಡುವ ಪೆಟ್ಟಿಗೆಯನ್ನು ಮೆತ್ತನೆಯ ಕುರ್ಚಿಯಲ್ಲಿಟ್ಟು ಜರಿ ಶಾಲು ಹೊದಿಸಿದಿರಿ. ಅಪ್ಪನಿಗೆ ಬದುಕಿದ್ದಾಗ ಅಂಥ ಶಾಲು ಸಿಕ್ಕಿರಲಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರು. ಹಾರಿಸ್ ಬಿದ್ದವನಾಗಿ ಮೊದಲ ಪ್ರಶ್ನೆ ಹಾಕಿದ. ಪೆಟ್ಟಿಗೆ ಬಾಯಿ ತೆರೆಯಿತು, ಅಪ್ಪನ ಸ್ವರ ಬಂತು.

ಅದೇ ಸ್ವರ. ವಾಕ್ಯದ ಕೊನೆಗೆ ಸಣ್ಣ ಕೆಮ್ಮು, ಮಾತು ಬಿಗಿಯಾಗುವಾಗ ಹಾಕುವ 'ಓಹೋ'.  ಏಪ್ರಿಲ್‌ನಲ್ಲಿ ನೀವು ಅಪ್ಪನ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯುತ್ತದೆ, ಕಂಪ್ಯೂಟರಿಗೆ ಹಾಕಿ ಕೊಡಿಸುತ್ತೇನೆ ಎಂದಾಗ ಖುಷಿಯಿಂದ ಕಪಾಟಿನ ಬೀಗದ ಕೈ ಕೊಟ್ಟವಳು ನಾನೇ. ಕಂಪನಿಗೆ ಆ ಕಾಲದ ಅರ್ಥಧಾರಿಯ ಸ್ವರ ಬೇಕಿತ್ತು, ನಿಮಗೆ ಕಂಪನಿ ಬೇಕಿತ್ತು. ಸತ್ತವರ ಒಪ್ಪಿಗೆ ಯಾರಿಗೆ ಬೇಕು? ಮಾಡಿದ್ದೇ ಮಾಡಿದಿರಿ, ಯಾವ ಪಾತ್ರಕ್ಕೆ ಕೂರಿಸಬಾರದು ಎಂಬಷ್ಟಾದರೂ ನೆನಪಿಡಲಿಲ್ಲ. ಅಪ್ಪನ ಬಾಯಿಯಿಂದ ಅಡಗಿ ಹೊಡೆದವನ ಸಮರ್ಥನೆ ಮಾಡಿಸಿದಿರಿ.

ಹಾರಿಸ್‌ಗೆ ಆ ಸ್ವರ ಗೊತ್ತಿತ್ತು, ನಾನು ಕ್ಲಾಸಿನಲ್ಲಿ ಕೇಳಿಸುತ್ತಿದ್ದೆ.  ಅವನು ಕೈಮುಗಿದು, ಪಾತ್ರ ಬಿಟ್ಟು ಕೇಳಿದ: 'ಹಿರಿಯರೇ, ನೀವು ಬದುಕಿರುವಾಗ ಈ ಅರ್ಥ ಹೇಳಲಿಕ್ಕೆ ಒಪ್ಪಲಿಲ್ಲ. ಈಗ ಯಾಕೆ ಒಪ್ಪಿದ್ದು?' ಪೆಟ್ಟಿಗೆ ತಡವರಿಸಲಿಲ್ಲ. ಬಹಳ ಒಳ್ಳೆಯ ಪ್ರಶ್ನೆ ಎಂದು ಮೆಚ್ಚಿತು. ಅಂದು ಅಜ್ಞಾನದಿಂದ ನಿರಾಕರಿಸಿದ್ದೆ, ಅದು ನನ್ನ ತಪ್ಪು, ಈಗ ತಿಳಿಯಿತು ಎಂದಿತು. ಅಪ್ಪನ ಸ್ವರದಲ್ಲಿ, ಅಪ್ಪನ ಕೆಮ್ಮಿನೊಂದಿಗೆ. ಸಭೆ ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿ ಕೂತು ನೀವೂ ತಟ್ಟಿದಿರಿ.

ಹಾರಿಸ್ ಎದ್ದು ವಯರು ಕಿತ್ತ. ಅವನು ಮಾಡಿದ್ದು ಅಷ್ಟೇ. ವೇದಿಕೆಯ ಕರೆಂಟ್ ದೀಪಗಳೆಲ್ಲ ಆರಿದವು, ಕಾಲುದೀಪ ಮಾತ್ರ ಉರಿಯುತ್ತಿತ್ತು. ಪೆಟ್ಟಿಗೆಗೆ ಬ್ಯಾಟರಿ ಇತ್ತು, ಅದು ಮಾತಾಡುತ್ತಲೇ ಇತ್ತು. ಕಂಪನಿಯ ಕಾವಲಿನವರು ಹುಡುಗನನ್ನು ಕೂದಲು ಹಿಡಿದು ಎಳೆದರು. ಒಬ್ಬ ಬೆನ್ನಿನ ಮೇಲೆ ಮೊಣಕಾಲೂರಿದ, ಇನ್ನೊಬ್ಬ ಕೈಯನ್ನು ವೇದಿಕೆಯ ಅಂಚಿಗೆ ಇಟ್ಟು ಕೆಳಗೆ ತುಳಿದ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಅವನು ಉಮ್ಮಾ ಎಂದು ತಾಯಿಯನ್ನು ಕರೆದು ಕಿರುಚಿದ. ಕೆಳಗೆ ಹುಡುಗರು ಕುರ್ಚಿ ಎತ್ತಿ ಎಸೆಯತೊಡಗಿದರು. ಬಿಡಿಸಲು ಬಂದ ನಿಖಿತಾಳ ಹಣೆಗೆ ಒಂದು ಕುರ್ಚಿ ತಾಗಿ, ಮುಖವೆಲ್ಲ ರಕ್ತವಾಗಿ ಅವಳು ಚೆಂಡೆಯ ಮೇಲೆಯೇ ಬಿದ್ದಳು. ಆಗ ಶೋಧನ್ ಬಂದ. ಬಿಡಿಸಲು ಬಂದ ಎಂದುಕೊಂಡೆ. ಅವನು ಬೂಟು ಕಾಲಿನಿಂದ ಆ ಮುರಿದ ಕೈಯನ್ನೇ ಒದ್ದ, ಮತ್ತೂ ಒದ್ದ. ಪ್ರತಿ ಒದೆತಕ್ಕೂ ಹುಡುಗನ ತಲೆ ಹಲಗೆಗೆ ಬಡಿಯುತ್ತಿತ್ತು. ಹಿಂದಿನಿಂದ ಅಪ್ಪನ ಸ್ವರ, ಹೊಡೆದದ್ದು ಧರ್ಮವೇ ಎಂದು ವಿವರಿಸುತ್ತಿತ್ತು.

ದೀಪ ಎತ್ತಿದವಳು ನಾನು. ಉರಿಯುತ್ತಿದ್ದ ಹಾಗೆಯೇ ಎರಡೂ ಕೈಯಿಂದ ಎತ್ತಿದೆ, ಕಾದ ಎಣ್ಣೆ ಮೊಣಕೈ ತನಕ ಇಳಿಯಿತು. ಎಲ್ಲಿಂದ ಬಂತೋ ಆ ಬಲ, ಇವತ್ತು ಬಿಂದಿಗೆ ನೀರು ಎತ್ತಲಾರೆ. ಮೊದಲ ಪೆಟ್ಟು ಶೋಧನ್‌ನ ಹೆಗಲಿಗೆ ಬಿತ್ತು. ಅವನು ತಿರುಗಿದ. ಎರಡನೆಯದು ಕಿವಿಯ ಮೇಲೆ. ಅವನು ಕೈ ಕೂಡ ಎತ್ತದೆ ಕುಸಿದ. ಮೂರನೆಯದು ಪೆಟ್ಟಿಗೆಗೆ. ಅದು ಬಾಯಿ ಮುಚ್ಚುವ ತನಕ ಹೊಡೆದೆ. ಎರಡನೇ ಪೆಟ್ಟಿನ ಹೊತ್ತಿಗೆ ಬತ್ತಿ ಇನ್ನೂ ಉರಿಯುತ್ತಿತ್ತು, ಆ ಬೆಳಕಿನಲ್ಲಿ ನೀವು ನನ್ನನ್ನು ನೋಡಿದಿರಿ. ನಾನೂ ನಿಮ್ಮನ್ನು ನೋಡಿದೆ. ನಿಜ ಹೇಳುತ್ತೇನೆ, ನೀವು ಇನ್ನೆರಡು ಮಾರು ಹತ್ತಿರ ಇದ್ದಿದ್ದರೆ ಮೂರನೆಯದು ನಿಮಗೆ ಬೀಳುತ್ತಿತ್ತು. ನನಗೆ ಪಶ್ಚಾತ್ತಾಪ ಇಲ್ಲ.

ಕಾರಿನಲ್ಲಿ ನೀವು ಹೇಳಿದ ಮಾತು ಜ್ವರದಲ್ಲಿಯೂ ಮರೆತಿಲ್ಲ. ಕತ್ತಲೆಯಲ್ಲಿ ಯಾರೂ ನೋಡಿಲ್ಲ, ನಾನು ಎಲ್ಲ ಸರಿಮಾಡ್ತೇನೆ ಎಂದಿರಿ. ಸರಿಮಾಡುವುದು ಎಂದರೆ ಇದು ಎಂದು ತಿಳಿದಿರಲಿಲ್ಲ. ನನ್ನನ್ನು ಉಳಿಸಲು ಮಾಡಿದೆ ಎನ್ನುತ್ತೀರಿ, ಇರಲಿ, ಸ್ವಲ್ಪ ನಿಜವೂ ಇರಬಹುದು. ಆದರೆ ಸಭಾಂಗಣದಲ್ಲಿ ಅಷ್ಟೊಂದು ಹುಡುಗರಿದ್ದರು. ನೀವು ಹಾರಿಸನ ಹೆಸರನ್ನೇ ಯಾಕೆ ಬರೆದಿರಿ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ನಮ್ಮ ಊರಿನಲ್ಲಿ ಆ ಹೆಸರು ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಇಷ್ಟು ವರ್ಷ ಒಟ್ಟಿಗೆ ಉಂಡ ಮನುಷ್ಯ ಇಷ್ಟು ಸಣ್ಣವನೇ ಎಂದು ನಿನ್ನೆ ಹೇಸಿಗೆಯಾಯಿತು.

ಹಾರಿಸ್ ನೆಲದಲ್ಲಿ ಬಿದ್ದಲ್ಲಿಂದ ನನ್ನನ್ನು ನೋಡಿದ್ದಾನೆ. ಪೊಲೀಸರು ಎಷ್ಟು ಬಡಿದರೂ ಟೀಚರ ಹೆಸರು ಹೇಳಿಲ್ಲವಂತೆ. ತಾಯಿಗೂ ಹೇಳಿಲ್ಲ. ಮೈಮೂನಮ್ಮ ಬಂದು, 'ಟೀಚರೇ, ನೀವು ಅಲ್ಲಿ ಇದ್ರಲ್ಲ, ನನ್ನ ಮಗ ಹೊಡ್ದದ್ದು ಹೌದಾ?' ಎಂದು ಕೇಳಿದರು. ನಾನು ಹೊಡೆದದ್ದು ಎಂದೆ. ಅವರು ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದರು. 'ಹಾಗಾದರೆ ನೀವು ಇಲ್ಲಿ ಮಲಗಿದ್ದದ್ದು ಯಾಕೆ?' ಎಂದರು. ತಮ್ಮ ಓಡಿ ಬಂದ, ನಾನು ತಡೆದೆ. ಆ ಪೆಟ್ಟು ನನಗೆ ಸಲ್ಲಬೇಕಾದದ್ದೇ. ಆಮೇಲೆ ಇಬ್ಬರೂ ಕೂತು ಅತ್ತೆವು, ಚಹಾ ಕುಡಿದೆವು. ಅವರನ್ನು ಇಲ್ಲಿಯೇ ಉಳಿಸಿಕೊಂಡಿದ್ದೇನೆ.

ನಾಳೆ ಬೆಳಿಗ್ಗೆ ನಾವಿಬ್ಬರೂ ಮೂಡುಬಿದಿರೆ ಠಾಣೆಗೆ ಹೋಗುತ್ತೇವೆ. ಅದಕ್ಕಿಂತ ಮೊದಲು ತಮ್ಮ ಬೈಕಿನಲ್ಲಿ ಬಂದು ಈ ಕಾಗದ ನಿಮ್ಮ ಕೈಗೆ ಕೊಡುತ್ತಾನೆ. ನೀವೂ ಬನ್ನಿ. ನಾನು ಕಂಡದ್ದು ಹುಡುಗನನ್ನಲ್ಲ, ನನ್ನ ಹೆಂಡತಿಯನ್ನು ಎಂದು ಹೇಳಿ. ನಿಮ್ಮಿಂದ ನಾನು ಇನ್ನು ಕೇಳುವುದು ಇದೊಂದೇ. ಬಾರದಿದ್ದರೂ ನಾನು ಹೇಳುತ್ತೇನೆ, ತೋಳಿನ ಸುಟ್ಟ ಗಾಯ ಸಾಕ್ಷಿಗಿದೆ. ಹೊಡೆದು ಮರೆಯಲ್ಲಿ ನಿಲ್ಲುವುದು ನನ್ನ ಅಪ್ಪನಿಗೆ ಆಗದ ಪಾತ್ರ, ನನಗೂ ಆಗದು.

ಇತಿ,
ಚಿನ್ನಯ್ಯನವರ ಮಗಳು
ಪ್ರೇಮಾವತಿ

ಮರುದಿನ ಬೆಳಿಗ್ಗೆ ಸೇರಿಸಿದ್ದು: ಕಾಗದ ಮಡಚುವಾಗ ನಿಮ್ಮ ಮೆಸೇಜು ಬಂತು. ಶೋಧನ್ ಆಸ್ಪತ್ರೆಯಲ್ಲಿ ತೀರಿಹೋದ, ಈಗ ಕೊಲೆ ಕೇಸು, ದಮ್ಮಯ್ಯ ಬಾಯಿ ಬಿಡಬೇಡ ಎಂದು ಬರೆದಿದ್ದೀರಿ. ಮೇಲೆ ಪಶ್ಚಾತ್ತಾಪ ಇಲ್ಲ ಎಂದು ಬರೆದ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದೆ, ಹಾಕಲಿಲ್ಲ. ನಿನ್ನೆ ಅದು ನಿಜವಾಗಿತ್ತು. ಇವತ್ತು ಅಲ್ಲ. ಶೋಧನ್‌ನ ತಾಯಿ ಇರುವುದು ಶಿರ್ತಾಡಿಯಲ್ಲಿಯಂತೆ. ಆ ಊರಿನ ಮೇಲೆ ಹೋಗುವ ಬಸ್ಸು ಹತ್ತುವ ಧೈರ್ಯ ನನಗಿಲ್ಲ, ವೇಣೂರಿನ ಮೇಲೆ ಹೋಗುತ್ತೇವೆ. ಮೈಮೂನಮ್ಮನಿಗೆ ಸುದ್ದಿ ಹೇಳಿದೆ.  ಅವರು, 'ಟೀಚರೇ, ಈಗಲೂ ಬರ್ತೀರಾ?' ಎಂದು ಕೇಳಿದರು. ಬಸ್ಸಿಗೆ ಹೊತ್ತಾಯಿತು, ಹೋಗುವ, ಏಳಿ ಎಂದೆ.